ಎರಡು ಚಮಚ ನೀರಿಗೆ ಇಷ್ಟೊಂದು ರಂಪವೇ?

ಮೊನ್ನೆ ಗೆಳೆಯನೊಬ್ಬ ಊರಿಗೆ ಬರುವಾಗ ಏರ್‌ಪೋರ್ಟಿನಿಂದ ಒಂದು ಬಾಟಲಿ ಹಿಡಿದುಕೊಂಡು ಬಂದಿದ್ದ. ಆಕ್ಟೋಮೋರ್ 9.1. ಸ್ಕಾಟ್ಲೆಂಡಿನ ಐಲಾ ದ್ವೀಪದ ಬ್ರುಕ್‌ಲಾಡಿ ಡಿಸ್ಟಿಲರಿಯ ಮಾಲು. ವಯಸ್ಸು 5 ವರ್ಷ, ಆಲ್ಕೋಹಾಲ್ ಶೇ. 59.1, ಮಾಲ್ಟಿಗೆ ಹಿಡಿಸಿದ ಹೊಗೆ 156 ಪಿಪಿಎಂ.

ನಾವು ಐದು ಜನ. ಅದರಲ್ಲಿ ಇಬ್ಬರು ಪಂಡಿತರು. ಮೊದಲನೆಯವರು ಲೇಬಲ್ ನೋಡಿದವರೇ "ಹನ್ನೆರಡು ವರ್ಷ ಆಗದ್ದು ವಿಸ್ಕಿನೇ ಅಲ್ಲ" ಅಂತ ತೀರ್ಪು ಕೊಟ್ಟರು. ನಾನು ನೀರಿನ ಚೊಂಬು ತಂದಿಟ್ಟೆ ನೋಡಿ, ಎರಡನೆಯವರು "ಸಿಂಗಲ್ ಮಾಲ್ಟಿಗೆ ನೀರಾ? ಮರ್ಯಾದೆ ತೆಗೀಬೇಡ ಮಾರಾಯ" ಅಂದರು. ಇದೇ ಮೊದಲ ಸಲ ಇಂಥದ್ದನ್ನು ಕುಡಿಯುತ್ತಿದ್ದ ನಮ್ಮ ಹುಡುಗನೊಬ್ಬ ಪಂಡಿತರ ಮಾತು ನಂಬಿ ಹಸಿಯಾಗಿಯೇ ಒಂದು ಗುಟುಕು ಎಳೆದ. ಕಣ್ಣಲ್ಲಿ ನೀರು, ಕೆಮ್ಮು, ಎದೆ ಉರಿ. "ಸಿಂಗಲ್ ಮಾಲ್ಟ್ ಅಂದ್ರೆ ಬೆಂಕಿ ಹಚ್ಚಿದ ಡೆಟಾಲು" ಅಂತ ಹೇಳಿ ಗ್ಲಾಸು ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಅವತ್ತು ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದೆ, ಇವತ್ತು ಬರೀತಿದೀನಿ.

ಮೊದಲು ನೀರಿನ ವಿಷಯ. ಕಾಸ್ಕ್ ಸ್ಟ್ರೆಂತ್ ಅಂದರೆ ಪೀಪಾಯಿಯಿಂದ ಬಂದ ಖಾರದಲ್ಲೇ ಬಾಟಲಿಗೆ ತುಂಬಿದ್ದು, ಅಷ್ಟೆ. ಮಾಮೂಲಿ ಬಾಟಲಿಗೆ ಡಿಸ್ಟಿಲರಿಯವರೇ ನೀರು ಬೆರೆಸಿ 40ಕ್ಕೋ 46ಕ್ಕೋ ಇಳಿಸುತ್ತಾರೆ. ಇದರಲ್ಲಿ ಆ ಕೆಲಸ ನಿಮಗೆ ಬಿಟ್ಟಿದ್ದಾರೆ. ಪಂಡಿತರು ಮನೆಯಲ್ಲಿ "ನೀಟ್" ಅಂತ ಕುಡಿಯುವ ಆ ಹನ್ನೆರಡು ವರ್ಷದ್ದಕ್ಕೂ ಯಾರೋ ಮೊದಲೇ ನೀರು ಹಾಕಿರುತ್ತಾರೆ ಸ್ವಾಮಿ! ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಅನ್ನುವ ಇಬ್ಬರು ರಸಾಯನ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರಿನಲ್ಲಿ ಅಣುಗಳ ಆಟ ಕಟ್ಟಿ ನೋಡಿದರು. ಹೊಗೆಯ ಘಮಕ್ಕೆ ಮುಖ್ಯ ಕಾರಣಗಳಲ್ಲೊಂದಾದ ಗ್ವಾಯಕಾಲ್ ಅನ್ನೋದು ಆಲ್ಕೋಹಾಲ್ ಶೇ. 59ಕ್ಕಿಂತ ಹೆಚ್ಚಿದ್ದಾಗ ಒಳಗೇ ಅಡಗಿರುತ್ತದೆ, 45ಕ್ಕೆ ಇಳಿದಾಗ ಮೇಲ್ಮೈಗೆ ಬರುತ್ತದೆ ಅಂತ ಅವರ ಲೆಕ್ಕ. 30 ಎಂ.ಎಲ್. ಆಕ್ಟೋಮೋರನ್ನು 45ಕ್ಕೆ ಇಳಿಸಲು ಬೇಕಾದ ನೀರು ಸುಮಾರು 9 ಎಂ.ಎಲ್. ಎರಡು ಟೀ ಚಮಚವೂ ಪೂರ್ತಿ ಬೇಡ.

ಇನ್ನೊಂದು ಲೆಕ್ಕ. ನಮ್ಮಲ್ಲಿ ಸಿಗುವ ಮಾಮೂಲಿ ವಿಸ್ಕಿ ಶೇ. 42.8. ಆಕ್ಟೋಮೋರಿನ ಒಂದು ಲಾರ್ಜ್, ಅಂದರೆ 60 ಎಂ.ಎಲ್., ಅದರ 83 ಎಂ.ಎಲ್.ಗೆ ಸಮ. ಲಾರ್ಜ್ ಅಂದುಕೊಂಡು ನೈಂಟಿಯ ಹತ್ತಿರ ಹೊಟ್ಟೆಗೆ ಇಳಿಸಿರುತ್ತೀರಿ. ಎರಡು ಲಾರ್ಜ್ ಆದಮೇಲೆ ನಮ್ಮ ಎರಡನೇ ಪಂಡಿತರು ಬೈಕ್ ಕೀ ಹುಡುಕುತ್ತಿದ್ದರು. ಕೀ ನನ್ನ ಜೇಬಿನಲ್ಲಿತ್ತು.. ಬಿಡಿ.

ಈಗ ವಯಸ್ಸು. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಸೇರಿದ ಪಾಚಿ, ಹುಲ್ಲು. ಅದನ್ನು ಇಟ್ಟಿಗೆ ಥರ ಕೊಯ್ದು, ಬೆರಣಿ ಒಣಗಿಸಿದ ಹಾಗೆ ಒಣಗಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರೆ. ಆ ಹೊಗೆ ಪೀಪಾಯಿಯಲ್ಲಿ ವರ್ಷ ಕಳೆದಂತೆ ಮೆತ್ತಗಾಗುತ್ತಾ ಹೋಗುತ್ತದೆ. ಹೊಗೆಯೇ ಬೇಕು ಅನ್ನುವವನಿಗೆ ಎಳೆಯದೇ ಸರಿ. ಕಾನೂನಿಗೆ ಬೇಕಾದದ್ದು ಓಕ್ ಮರದಲ್ಲಿ ಕನಿಷ್ಠ 3 ವರ್ಷ. ಉಳಿದದ್ದು ರುಚಿಯ ಪ್ರಶ್ನೆ, ಜಾತಕದ್ದಲ್ಲ.

ನಮ್ಮ ಬೆಂಗಳೂರಿನ ಅಮೃತ್ ನೋಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಇಲ್ಲಿ 10ರಿಂದ 12. ಹತ್ತೇ ಅಂತ ಹಿಡಿದರೂ ಹನ್ನೆರಡು ವರ್ಷ ಇಟ್ಟ 100 ಲೀಟರಿನಲ್ಲಿ 30 ಲೀಟರೂ ಉಳಿಯೋದಿಲ್ಲ. 2004ರಲ್ಲಿ ಇವರು ಮೊದಲು ಗ್ಲ್ಯಾಸ್ಗೋದಲ್ಲಿ ಮಾರಾಟಕ್ಕೆ ಇಳಿದದ್ದು ಎಳೇ ವಿಸ್ಕಿಯನ್ನೇ ಹಿಡಿದುಕೊಂಡು. ಅವರ ಪೀಟೆಡ್ ಕಾಸ್ಕ್ ಸ್ಟ್ರೆಂತ್ ಶೇ. 62.8. ಹೊಗೆ ಹಿಡಿಸಿದ ಬಾರ್ಲಿ ಸ್ಕಾಟ್ಲೆಂಡಿನದು, ಬಿಸಿಲು ನಮ್ಮದು. ಪಂಡಿತರು ಅದರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಹಿತ್ತಲ ಗಿಡ ಮದ್ದಲ್ಲ ತಾನೇ :-)

ಹಾಗಂತ ಆಕ್ಟೋಮೋರಿನವರನ್ನು ಹೊತ್ತು ಮೆರೆಸೋದಕ್ಕೂ ನಾನು ತಯಾರಿಲ್ಲ. 2008ರ ಮೊದಲ ಬಾಟಲಿ 131 ಪಿಪಿಎಂ, 2017ರ 8.3 ಬಂದಾಗ 309.1! ಈ ಅಂಕಿ ಮಾಲ್ಟಿನದು, ಬಾಟಲಿಯೊಳಗಿನದ್ದಲ್ಲ. ಅರ್ಧಕ್ಕಿಂತ ಹೆಚ್ಚು ಹೊಗೆ ಹಿಂಡಿ, ಬಟ್ಟಿ ಇಳಿಸುವ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ರುಕ್‌ಲಾಡಿಯ ಉದ್ದ ಕತ್ತಿನ ಹಂಡೆಗಳಲ್ಲಂತೂ ಭಾರದ ವಾಸನೆ ಮೇಲೇರೋದೇ ಕಷ್ಟ. ಲಫ್ರೋಯ್ಗ್ 40ರ ಆಸುಪಾಸಿನ ಮಾಲ್ಟು. ಇದು ಅದರ ನಾಲ್ಕು ಪಟ್ಟು ಹೊಗೆಯಾಡುತ್ತದೆಯೇ? ಖಂಡಿತ ಇಲ್ಲ. ಐದು ವರ್ಷದ್ದಕ್ಕೆ ಆ ರೇಟು ಹಾಕುವಾಗ ಅಂಕಿ ತೋರಿಸುವುದು ಅಂಗಡಿಯ ಬುದ್ಧಿ. ಮೊದಲ ಪಂಡಿತರು ವಯಸ್ಸು ಎಣಿಸುತ್ತಾರೆ, ಇವರು ಪಿಪಿಎಂ ಎಣಿಸಲು ಕಲಿಸುತ್ತಾರೆ. ಕುಡಿಯುವವನ ಮೂಗನ್ನು ಕೇಳುವವರು ಯಾರೂ ಇಲ್ಲ.

ನನ್ನ ಮೂಗು ಹೇಳಿದ್ದು ಇಷ್ಟು: ನೀರಿಲ್ಲದೆ ಬರೀ ಸ್ಪಿರಿಟ್ಟಿನ ಚುರುಕು, ಸುಟ್ಟ ರಬ್ಬರು. ಒಂದು ಚಮಚ ಬಿದ್ದಮೇಲೆ ಹಬೆಯಾಡುವ ಬಾರ್ಲಿ ಗಂಜಿ, ನಿಂಬೆ ಸಿಪ್ಪೆ. ಎರಡನೆಯದಕ್ಕೆ ಅಜ್ಜಿ ಮನೆಯ ಒಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಹೊಗೆ ಕುಡಿದು ಕಪ್ಪಾದ ತೊಲೆ, ಅಲ್ಲಿ ಒಣಗಲು ಇಟ್ಟ ಪುನರ್ಪುಳಿ. ಸಮುದ್ರದ ಉಪ್ಪು ಅಂತ ಎಲ್ಲರೂ ಬರೀತಾರೆ, ನನಗೆ ಸಿಗಲಿಲ್ಲ.

ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಇದೆ. ಆ ಹುಡುಗನಿಗೆ ಭಾನುವಾರ ಬಾ ಅಂತ ಫೋನ್ ಮಾಡಿದ್ದೇನೆ. ಬಸ್ಸಿನಲ್ಲಿ ಬರ್ತಾನಂತೆ.