ಫಿಟ್ಸ್ ಚಿಕಿತ್ಸೆ ಐಸಿಯುವಿಗೆ ಕಾಯಬಾರದು

ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಮೈಯೆಲ್ಲ ಸೆಳೆಯುವ ಫಿಟ್ಸ್ ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು, ಅರ್ಧ ಗಂಟೆ ದಾಟಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು ಎಂಬುದು 2015ರಿಂದ ಜಾಗತಿಕವಾಗಿ ಒಪ್ಪಿತವಾದ ಗಡುವು. ಎರಡು ಬಗೆಯ ಔಷಧಗಳಿಗೂ ಬಗ್ಗದ ರೋಗಿಯನ್ನು ಐಸಿಯುವಿನಲ್ಲಿ ವೆಂಟಿಲೇಟರ್‌ಗೆ ಹಾಕಿ ಅರಿವಳಿಕೆಯಲ್ಲಿ ಇಡಬೇಕಾಗುತ್ತದೆ. ಇಂಥ ಐಸಿಯುಗಳು ಹೆಚ್ಚಬೇಕು, ನಿಜ. ಆದರೆ ರೋಗಿ ಆ ಹಂತ ಮುಟ್ಟದಂತೆ ತಡೆಯುವ ವ್ಯವಸ್ಥೆಗೆ ಸರ್ಕಾರ ಮೊದಲ ಆದ್ಯತೆ ಕೊಡಬೇಕು.

ಬೇಗ ಚಿಕಿತ್ಸೆ ಕೊಡಬೇಕೆನ್ನುವುದಕ್ಕೆ ಕಾರಣ ಮಿದುಳಿನಲ್ಲೇ ಇದೆ. ಸೆಳೆತ ಮುಂದುವರಿದಂತೆ, ಅದನ್ನು ತಣಿಸುವ ಗಾಬಾ ಗ್ರಾಹಕಗಳು ನರಕೋಶದ ಮೇಲ್ಮೈಯಿಂದ ಒಳಸರಿಯುತ್ತವೆ, ಕೆರಳಿಸುವ ಗ್ರಾಹಕಗಳು ಹೆಚ್ಚುತ್ತವೆ. ಮೊದಲ ಹಂತದಲ್ಲಿ ಕೊಡುವ ಲೊರಾಜೆಪಾಮ್, ಮಿಡಜೋಲಾಮ್‌ಗಳು ಕೆಲಸ ಮಾಡುವುದು ಗಾಬಾ ಗ್ರಾಹಕಗಳ ಮೂಲಕವೇ. ಆದ್ದರಿಂದ ತಡವಾದಷ್ಟೂ ಅದೇ ಔಷಧದ ಬಲ ಕುಂದುತ್ತದೆ. ಎರಡನೇ ಹಂತದ ಲೆವೆಟಿರಾಸೆಟಾಮ್, ಫಾಸ್‌ಫೆನಿಟೋಯಿನ್, ವಾಲ್ಪ್ರೋಯೇಟ್‌ಗಳನ್ನು ಹೋಲಿಸಿದ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಯಾವುದನ್ನು ಕೊಟ್ಟರೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಸೆಳೆತ ನಿಂತಿತ್ತು. ಮೊದಲ ಔಷಧವನ್ನು ಬೇಗ, ಪೂರ್ಣ ಪ್ರಮಾಣದಲ್ಲಿ ಕೊಡುವುದು ಅದಕ್ಕೇ ಇಷ್ಟು ಮುಖ್ಯ.

ಆಂಬುಲೆನ್ಸ್‌ನಲ್ಲಿ ಇಂಥ ಔಷಧ ಕೊಟ್ಟರೆ ಉಸಿರಾಟ ಕುಗ್ಗೀತು ಎಂಬ ಅಳುಕು ಸಹಜ. ಆದರೆ 2001ರಲ್ಲಿ ಪ್ರಕಟವಾದ ಸ್ಯಾನ್‌ಫ್ರಾನ್ಸಿಸ್ಕೊ ಅಧ್ಯಯನದಲ್ಲಿ ಉಸಿರಾಟ, ರಕ್ತಪರಿಚಲನೆಯ ತೊಂದರೆ ಔಷಧ ಪಡೆದ ಶೇ 10ರಷ್ಟು ಮಂದಿಯಲ್ಲಿ ಕಂಡುಬಂದರೆ, ಪಡೆಯದವರಲ್ಲಿ ಶೇ 22ಕ್ಕೂ ಹೆಚ್ಚು ಮಂದಿಯಲ್ಲಿ ಕಂಡುಬಂತು. ನಿಲ್ಲದ ಸೆಳೆತವೇ ಉಸಿರಿಗೆ ಹೆಚ್ಚು ಅಪಾಯಕಾರಿ ಎಂದಾಯಿತು. ಔಷಧ ಚುಚ್ಚಲು ರಕ್ತನಾಳ ಸಿಗದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆಗೂ 2012ರ ಪ್ರಯೋಗ ಉತ್ತರ ಕೊಟ್ಟಿದೆ. ಸ್ನಾಯುವಿಗೆ ಮಿಡಜೋಲಾಮ್ ಚುಚ್ಚಿದವರಲ್ಲಿ ಶೇ 73ರಷ್ಟು ಮಂದಿಯ ಸೆಳೆತ ಆಸ್ಪತ್ರೆ ತಲುಪುವ ಮೊದಲೇ ನಿಂತಿತ್ತು; ರಕ್ತನಾಳಕ್ಕೆ ಲೊರಾಜೆಪಾಮ್ ಕೊಟ್ಟವರಲ್ಲಿ ಇದು ಶೇ 63.

ಹಾಗೆಂದು ಐಸಿಯು ಬೇಡವೆಂದಲ್ಲ. ಮಿದುಳಿನ ಸೋಂಕು, ಪಾರ್ಶ್ವವಾಯುವಿನಂಥ ಕಾರಣಗಳಿಂದ ಬರುವ ಕೆಲವು ಸೆಳೆತಗಳು ಎಷ್ಟು ಬೇಗ ಚಿಕಿತ್ಸೆ ಕೊಟ್ಟರೂ ಬಗ್ಗುವುದಿಲ್ಲ. ಕೈಕಾಲು ಸೆಳೆತ ನಿಂತ ಮೇಲೂ ಮಿದುಳಿನೊಳಗೆ ಸೆಳೆತ ಮುಂದುವರಿಯಬಹುದು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಇಲ್ಲದೆ ಅದು ತಿಳಿಯದು. ಹಾಗಾಗಿ ಜಿಲ್ಲಾಸ್ಪತ್ರೆಯ ಐಸಿಯುಗಳಿಗೆ ಇಇಜಿ ಬೇಕು, ಅದನ್ನು ದೂರದಿಂದಲೇ ಓದಿ ಹೇಳುವ ತಜ್ಞರ ಜಾಲವೂ ಬೇಕು. ಅದಕ್ಕೂ ಮೊದಲು ಪ್ರತಿ 108 ಆಂಬುಲೆನ್ಸ್‌ನಲ್ಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಿಡಜೋಲಾಮ್ ಮತ್ತು ಅದನ್ನು ಅಳುಕಿಲ್ಲದೆ ಕೊಡಬಲ್ಲ ತರಬೇತಾದ ಸಿಬ್ಬಂದಿ ಇರಲೇಬೇಕು. ಮನೆಯವರು ಕೈಗೆ ಕಬ್ಬಿಣ ಕೊಡುವುದನ್ನು, ಬಾಯಿಗೆ ಚಮಚ ತುರುಕುವುದನ್ನು ಬಿಡಲಿ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಲಿ; ಐದು ನಿಮಿಷ ಮೀರುವುದಕ್ಕೆ ಬಿಡದೆ 108ಕ್ಕೆ ಕರೆ ಮಾಡಲಿ.