ಗೋಷ್ಠ ಪಾಲರೋ, ಮನ್ನಾ ಅವರೋ?

ಮಕ್ಕಳೇ, ಕೋಲ್ಕತ್ತದ ಮೋಹನ್ ಬಗಾನ್ ಫುಟ್‌ಬಾಲ್ ತಂಡದ ಅತಿ ದೊಡ್ಡ ಫುಲ್‌ಬ್ಯಾಕ್ ಯಾರು? ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನೇ ಫುಲ್‌ಬ್ಯಾಕ್. ಹಳಬರು ಗೋಷ್ಠ ಪಾಲ್ ಎನ್ನುತ್ತಾರೆ. ಬೂಟು ತೊಟ್ಟ ಬ್ರಿಟಿಷರನ್ನು ಬರಿಗಾಲಲ್ಲೇ ತಡೆದು ‘ಚೀನಾದ ಗೋಡೆ’ ಎನಿಸಿಕೊಂಡವರು. 1962ರಲ್ಲಿ ಪದ್ಮಶ್ರೀಯೂ ಬಂತು.

ನನ್ನ ಓಟು ಮಾತ್ರ ಬಗಾನ್‌ಗೆ ಸುಮಾರು 19 ವರ್ಷ ಆಡಿದ ಶೈಲೇನ್ ಮನ್ನಾ ಅವರಿಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಅವರ ಪೆನಾಲ್ಟಿ ಗೋಲಾಗಲಿಲ್ಲ. ನಮ್ಮ ಬೆಂಗಳೂರಿನ ರಾಮನ್ ಗೋಲು ಹೊಡೆದರೂ ಭಾರತ 2–1ರಿಂದ ಸೋತಿತು. ಅದೇ ಮನ್ನಾ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕರಾಗಿ ಚಿನ್ನ ಗೆದ್ದರು. ಬ್ಯಾಂಕಿನವನು ನಾನು, ಲೆಕ್ಕ ನೋಡುತ್ತೇನೆ: ಅಲ್ಲಿ ಆಡಿದ್ದು ಮೂರು ಪಂದ್ಯ, ಬಿಟ್ಟುಕೊಟ್ಟ ಗೋಲು ಸೊನ್ನೆ!

ನಿಮ್ಮ ಅಜ್ಜ ಯಾರ ಕಡೆ?