ಚೂರು ಹೇಳದ ಕಥೆ

ಕನಕಪುರದ ಕಡೆಯ ಕಬ್ಬಾಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಕಬ್ಬಾಳದುರ್ಗದ ಹೆಬ್ಬಂಡೆ, ಅದರ ಅಡಿಯಲ್ಲಿ ಕಬ್ಬಾಳಮ್ಮನ ಗುಡಿ. ಕಲ್ಲು ಉಳಿಯುವುದು, ಮಣ್ಣು ಅಳಿಯುವುದು ಎಂಬುದು ನಮ್ಮೆಲ್ಲರ ಎಣಿಕೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯೇ ಉಂಟಲ್ಲ! ಆದರೆ ದೊಣ್ಣೆಯ ಪೆಟ್ಟಿಗೆ ಒಡೆದ ಮಡಕೆಯ ಚೂರು ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನೆಲವನ್ನು ಅಗೆಸಿದಾಗ, ಪದರಪದರದ ಕಾಲವನ್ನು ನಿರ್ಣಯಿಸಲು ನೆರವಾದವು ಇಂಥ ಚೂರುಗಳೇ.

ಚೂರು ಕಾಲವನ್ನು ಹೇಳೀತು. ಆ ಕೊಡವನ್ನು ಹೊತ್ತವಳ ಮನಸ್ಸನ್ನು ಹೇಳಬಲ್ಲುದೆ?

ಇದಕ್ಕೆ ಉತ್ತರವನ್ನು ಚಲಚ್ಚಿತ್ರದಲ್ಲಿ ಅರಸಿದವರು ಮಣಿ ಕೌಲ್. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಋತ್ವಿಕ್ ಘಟಕರ ಶಿಷ್ಯರಾಗಿದ್ದ ಈ ಪ್ರಯೋಗಶೀಲ ನಿರ್ದೇಶಕರು 1980ರ ದಶಕದ ನಡುವಿನಲ್ಲಿ ‘ಮಾಟಿ ಮಾನಸ್’ ಎಂಬ ಚಿತ್ರವನ್ನು ತೆಗೆದರು. ಮಣ್ಣಿನ ಮನಸ್ಸು ಎಂದು ಅದರ ಅರ್ಥ. ಮಡಕೆ ಮಾಡುವ ಬಗೆಯನ್ನು ಅವರು ಪಾಠದಂತೆ ಒಪ್ಪಿಸಲಿಲ್ಲ. ತಿಗರಿ, ಆವಿಗೆಗಳ ನಡುವೆ ಕುಂಬಾರರ ಬದುಕಿಗೆ ಅಂಟಿಕೊಂಡ ಕಥೆಗಳನ್ನು ಹೆಣೆದರು. ಉರಿಯುವ ಆವಿಗೆಯೊಳಗೆ ಬದುಕುಳಿದ ಬೆಕ್ಕಿನ ಮರಿಗಳ ಕಥೆ ಒಂದು. ತಾಯಿಯ ತಲೆ ಕಡಿದ ಪರಶುರಾಮನ ಕಥೆ ಇನ್ನೊಂದು.

ಎರಡನೆಯದು ಸವದತ್ತಿಯ ಎಲ್ಲಮ್ಮನ ಭಕ್ತರಿಗೆ ಹೊಸತಲ್ಲ. ರೇಣುಕೆ ದಿನವೂ ಹೊಳೆಯ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿಟ್ಟುಕೊಂಡು ನೀರು ತರುತ್ತಿದ್ದಳು. ಮನಸ್ಸು ಅರೆಕ್ಷಣ ಅಲುಗಿದ ದಿನ ಕೊಡ ನಿಲ್ಲಲಿಲ್ಲ. ಗಂಡನ ಕೋಪ, ಮಗನ ಕೊಡಲಿ! ತಿಗರಿಯ ಮುಂದೆ ಕುಳಿತವನ ಗಮನ ತಪ್ಪಿದರೂ ಮಡಕೆ ಹೀಗೆಯೇ ಕುಸಿಯುತ್ತದೆ. ಆದರೆ ಕುಂಬಾರನಿಗೆ ಮಣ್ಣನ್ನು ಮತ್ತೆ ಕಲಸುವ ಅವಕಾಶವುಂಟು. ರೇಣುಕೆಗೆ ಅದು ದೊರೆಯಲಿಲ್ಲ. ಅವಳ ಸಂಕಟವನ್ನು ಯಾವ ಚೂರಿನಲ್ಲಿ ಓದೋಣ?

ಮಣಿ ಕೌಲ್ 2011ರಲ್ಲಿ ತೀರಿಕೊಂಡರು. ನಮ್ಮ ಅಡಿಗೆಮನೆಗಳಲ್ಲಿ ಇಂದು ಸ್ಟೀಲು, ಪ್ಲಾಸ್ಟಿಕ್ಕುಗಳದೇ ಆಳ್ವಿಕೆ. ಪಾತ್ರೆ ಹೋದರೆ ಬೇರೊಂದನ್ನು ತರಬಹುದು. ಅದರೊಡನೆ ಹೋದ ಕಥೆಯನ್ನು ಯಾವ ಅಂಗಡಿಯಿಂದ ತರುವುದು? ಕಬ್ಬಾಳಿಗೋ ಸವದತ್ತಿಗೋ ಹೊರಟಾಗ ದಾರಿಯಲ್ಲೊಂದು ಹೂಜಿ ಕೊಂಡರೆ, ಬೆಲೆ ಕೇಳಿದ ಮೇಲೆ ಮಣ್ಣು ಯಾವ ಕೆರೆಯದೆಂದೂ, ಆವಿಗೆಗೆ ಬೆಂಕಿಯಿಡುವ ಮುನ್ನ ಯಾರನ್ನು ನೆನೆಯುತ್ತಾರೆಂದೂ ಕೇಳಿರಿ. ಮಕ್ಕಳೂ ಪಕ್ಕದಲ್ಲಿ ನಿಂತು ಕೇಳಲಿ.